ಶೀಳನೆರೆಯಿಂದ ಕೊಳಕುಮಂಡಲಕ್ಕೆ ಬಹಿರಂಗ ಪತ್ರ

ಕೊಳಕುಮಂಡಲವೇ,

ನೀನು ಓದಲಾರೆ ಎಂದು ಗೊತ್ತಿದ್ದೂ ಈ ಕಾಗದವನ್ನು ನಿನ್ನ ಹೆಸರಿಗೇ ಬರೆಯುತ್ತಿದ್ದೇನೆ. ನಾನು ಹೇಳಬೇಕಾದ ಸಂಗತಿ ಎಲ್ಲೆಲ್ಲೋ ಸುತ್ತಿ ಕೊನೆಗೆ ನಿನ್ನ ಹಲ್ಲಿನ ತುದಿಗೇ ಬಂದು ನಿಲ್ಲುತ್ತದೆ. ನಿನ್ನನ್ನು ಎದುರಿಗಿಟ್ಟುಕೊಂಡು ಹೇಳಿದರೆ ನಮ್ಮ ಜನದ ಮನಸ್ಸಿಗೂ ಹತ್ತುತ್ತದೆ ಎಂಬ ನಂಬಿಕೆ ನನ್ನದು. ಶೀಳನೆರೆ ಹೋಬಳಿಯ ಕಬ್ಬಿನ ಗದ್ದೆ, ಭತ್ತದ ಬದು, ತೆಂಗಿನ ತೋಟದಲ್ಲಿ ರಾಶಿ ಬಿದ್ದ ಗರಿ, ಹಿತ್ತಲ ಹುಲ್ಲಿನ ಮೆದೆ, ಇವೆಲ್ಲ ನಿನಗೂ ಮನೆ, ನಮಗೂ ಮನೆ. ಇಲಿ ಹುಡುಕಿಕೊಂಡು ನೀನು ಬರುತ್ತೀಯ, ಬೆಳೆ ನೋಡಿಕೊಳ್ಳಲು ನಾವು ಬರುತ್ತೇವೆ. ಕರೆಂಟು ಬಂದಾಗ ನೀರು ತಿರುಗಿಸಲು ರಾತ್ರಿ ಬರಿಗಾಲಲ್ಲಿ ಓಡಿದವನ ಪಾದ ನಿನ್ನ ಮೈಮೇಲೆ ಬಿದ್ದರೆ ನೀನು ಕಚ್ಚುತ್ತೀಯ. ಅದರಲ್ಲಿ ನಿನ್ನ ತಪ್ಪನ್ನು ನಾನು ಹುಡುಕುವುದಿಲ್ಲ. ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದ ಕಾಲೇಜುಗಳಲ್ಲಿ ಜೀವಶಾಸ್ತ್ರ ಓದುವ ಹುಡುಗ ಹುಡುಗಿಯರು, ಅವರ ಉಪನ್ಯಾಸಕರು, ಅವರ ಮನೆಯವರು ಓದಲಿ ಎಂದು ಇದನ್ನು ಬಹಿರಂಗವಾಗಿ ಬರೆದಿದ್ದೇನೆ.

2000ದಿಂದ 2019ರವರೆಗಿನ ಲೆಕ್ಕ ಹಾಕಿದ ಒಂದು ದೊಡ್ಡ ಅಧ್ಯಯನದ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನ ನಾಲ್ಕು ತಿಂಗಳಲ್ಲಿ; ಸತ್ತವರಲ್ಲಿ ಬಹುಪಾಲು ಹಳ್ಳಿಯವರು. ಆ ಲೆಕ್ಕದಲ್ಲಿ ನಿನ್ನ ಪಾಲು ದೊಡ್ಡದು. ಆದರೆ ಸಾವು ಹೇಗೆ ಬಂತು ಎಂದು ಕೇಳಿದರೆ ‘ವಿಷ ಏರಿತು’ ಎನ್ನುವಲ್ಲಿಗೆ ನಮ್ಮ ಮಾತು ನಿಂತುಬಿಡುತ್ತದೆ. ಏರಿದ ವಿಷ ಎಲ್ಲಿಗೆ ಹೋಯಿತು, ಅಲ್ಲಿ ಏನು ಮಾಡಿತು? ಅದನ್ನು ತಿಳಿಯಬೇಕಾದರೆ ನಮ್ಮ ರಕ್ತಕಣಗಳ ಪೊರೆಯ ಹತ್ತಿರ ಹೋಗಬೇಕು. ಆ ಪೊರೆಯಲ್ಲಿ ಇರುವುದು ಎರಡೇ ಪದರ. ಒಂದು ಪದರದಿಂದ ಇನ್ನೊಂದಕ್ಕೆ ಒಂದು ಸಣ್ಣ ಅಣು ದಾಟುವುದರ ಮೇಲೆ ನಮ್ಮ ರಕ್ತ ಹೆಪ್ಪುಗಟ್ಟುವುದೂ ಗಟ್ಟದಿರುವುದೂ ನಿಂತಿದೆ.

ಪ್ರಥಮ ಪಿಯುಸಿಯ ಜೀವಶಾಸ್ತ್ರ ಪುಸ್ತಕದಲ್ಲಿ ಆ ಪೊರೆಯ ಚಿತ್ರವಿದೆ. ಗುಂಡು ತಲೆಯ, ಎರಡೆರಡು ಬಾಲದ ಫಾಸ್ಫೊಲಿಪಿಡ್‌ಗಳು ಎರಡು ಸಾಲಾಗಿ ನಿಂತಿರುತ್ತವೆ. ತಲೆಗೆ ನೀರು ಇಷ್ಟ, ಬಾಲಕ್ಕೆ ನೀರು ಆಗದು. ಹಾಗಾಗಿ ತಲೆಗಳು ಕೋಶದ ಹೊರಗೂ ಒಳಗೂ ಇರುವ ನೀರಿನ ಕಡೆಗೆ, ಬಾಲಗಳು ನಡುವೆ ಒಂದಕ್ಕೊಂದು ಎದುರಾಗಿ. ಮನುಷ್ಯನ ಕೆಂಪು ರಕ್ತಕಣದ ಪೊರೆಯಲ್ಲಿ ಸುಮಾರು ಶೇ. 52ರಷ್ಟು ಪ್ರೋಟೀನು, ಶೇ. 40ರಷ್ಟು ಲಿಪಿಡ್ ಇದೆ ಎಂಬ ಅಂಕಿಯೂ ಅಲ್ಲಿದೆ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಮುಂದಿಟ್ಟ ಮಾದರಿಯ ಹೆಸರೂ ಇದೆ. ಮಕ್ಕಳು ಅದನ್ನು ಪೆನ್ಸಿಲಿನಲ್ಲಿ ಅಂದವಾಗಿ ಬಿಡಿಸಿ, ಗೆರೆ ಎಳೆದು ಹೆಸರು ಬರೆದು ಅಂಕ ತೆಗೆದುಕೊಳ್ಳುತ್ತಾರೆ. ನನ್ನ ತಕರಾರು ಇರುವುದು ಆ ಎರಡು ಸಾಲುಗಳ ಬಗ್ಗೆ. ಚಿತ್ರದಲ್ಲಿ ಅವು ಒಂದರ ಪಡಿಯಚ್ಚು ಇನ್ನೊಂದು. ನಮ್ಮ ಮೈಯ ಆರೋಗ್ಯವಂತ ಕೋಶಗಳಲ್ಲಿ ಹಾಗಿರುವುದಿಲ್ಲ. ಎರಡು ಸಾಲಿನ ನಡುವಿನ ವ್ಯತ್ಯಾಸ ಅಳಿಸಿಹೋಯಿತೆಂದರೆ ಸಾಮಾನ್ಯವಾಗಿ ಅಲ್ಲಿ ಗಾಯವಾಗಿದೆ, ಇಲ್ಲವೇ ಆ ಕೋಶ ಸಾಯುತ್ತಿದೆ.

ಪದರ ಎರಡು ಎಂದು ಮೊದಲು ತೋರಿಸಿದವರು ಹಾಲೆಂಡಿನ ಲೈಡನ್‌ನ ಗಾರ್ಟರ್ ಮತ್ತು ಗ್ರೆಂಡೆಲ್, 1925ರಲ್ಲಿ. ಕೆಂಪು ರಕ್ತಕಣಗಳಿಂದ ಲಿಪಿಡ್ ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿ ಅಳೆದರು. ಆ ಕಣಗಳ ಮೇಲ್ಮೈಗಿಂತ ಅದು ಎರಡರಷ್ಟು ಬಂತು. ಎರಡೂ ಪದರ ಸೇರಿ ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್. ನಡುವೆ ಎಣ್ಣೆಯಂಥ ಭಾಗ ಸುಮಾರು 3 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ದಾಟಬೇಕಾದ ದೂರ ಅಷ್ಟೇ.

ಆ ದೂರ ಎಷ್ಟು ಕಷ್ಟದ್ದು ಎಂದು ಅಳೆದ ಪ್ರಯೋಗವನ್ನು ವಿವರವಾಗಿಯೇ ಹೇಳಬೇಕು. 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೋಜರ್ ಕೋರ್ನ್‌ಬರ್ಗ್ ಎಂಬ ಸಂಶೋಧನಾ ವಿದ್ಯಾರ್ಥಿ, ಮಾರ್ಗದರ್ಶಕ ಹಾರ್ಡನ್ ಮ್ಯಾಕ್‌ಕಾನೆಲ್ ಜೊತೆ ಸೇರಿ, ಬರೀ ಫಾಸ್ಫೊಲಿಪಿಡ್‌ನಿಂದ ಪುಟ್ಟ ಪುಟ್ಟ ಗುಳ್ಳೆಗಳನ್ನು ಮಾಡಿಕೊಂಡ. ಕೆಲವು ಅಣುಗಳ ತಲೆಗೆ ಉಪಕರಣಕ್ಕೆ ಕಾಣುವ ಒಂದು ಗುರುತು ಹಚ್ಚಿದ. ಆಮೇಲೆ ಹೊರಗಿನ ನೀರಿಗೆ ಆಸ್ಕಾರ್ಬೇಟ್ ಹಾಕಿದ. ಅದು ನಿಂಬೆ, ನೆಲ್ಲಿಕಾಯಿಗಳಲ್ಲಿರುವ ವಿಟಮಿನ್ ಸಿಯ ಒಂದು ರೂಪ. ಆಸ್ಕಾರ್ಬೇಟ್ ತಾಗಿದ ಗುರುತು ಅಳಿಸಿಹೋಗುತ್ತದೆ, ಆದರೆ ಅದು ಪೊರೆ ದಾಟಿ ಒಳಕ್ಕೆ ಸುಲಭವಾಗಿ ಹೋಗಲಾರದು. ಹೊರಸಾಲಿನ ಗುರುತುಗಳೆಲ್ಲ ಹೋದವು, ಒಳಸಾಲಿನವು ಉಳಿದವು. ಈಗ ಒಳಗಿನವು ಎಷ್ಟು ಹೊತ್ತಿಗೆ ಹೊರಗೆ ಬರುತ್ತವೆ ಎಂದು ಕಾಯುವುದಷ್ಟೇ ಕೆಲಸ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ವ್ಯತ್ಯಾಸ ಅರ್ಧಕ್ಕಿಳಿಯಲು ಆರೂವರೆ ಗಂಟೆ ಹಿಡಿಯಿತು. ಅದೇ ಅಣು ತನ್ನ ಸಾಲಿನೊಳಗೇ ಪಕ್ಕದ ಅಣುವಿನೊಡನೆ ಜಾಗ ಬದಲಿಸುವುದು ಸೆಕೆಂಡಿಗೆ ಸುಮಾರು 1 ಕೋಟಿ ಬಾರಿ! ಅಡ್ಡಕ್ಕೆ ಅಷ್ಟು ಚುರುಕು, ದಾಟಲು ಇಷ್ಟು ನಿಧಾನ. ಎಷ್ಟು ವರ್ಷ ಪಾಠ ಮಾಡಿದರೂ ಈ ಅಂತರದ ಬೆರಗು ನನ್ನಲ್ಲಿ ತಗ್ಗಿಲ್ಲ. ಕಾರಣ ಸರಳ: ತಲೆಯಲ್ಲಿ ವಿದ್ಯುದಾವೇಶವಿದೆ, ನೀರನ್ನು ಅಪ್ಪಿಕೊಂಡಿದೆ, ಆ ನೀರನ್ನು ಬಿಟ್ಟು ಎಣ್ಣೆಯಂಥ ನಡುಭಾಗವನ್ನು ಹಾಯಲು ಬೇಕಾದ ಶಕ್ತಿ ಅದಕ್ಕೆ ತಾನಾಗಿ ಸಿಗುವುದು ಅಪರೂಪ. ಆ ವಿದ್ಯಾರ್ಥಿಗೆ 2006ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು, ಬೇರೆಯೇ ಕೆಲಸಕ್ಕೆ.

ಆ ಗುಳ್ಳೆಗಳ ಪ್ರಯೋಗದ ಮರುವರ್ಷವೇ, 1972ರಲ್ಲಿ, ಕೇಂಬ್ರಿಜ್‌ನ ಮಾರ್ಕ್ ಬ್ರೆಚರ್ ಮನುಷ್ಯನ ಕೆಂಪು ರಕ್ತಕಣದ ಎರಡು ಪದರಗಳಲ್ಲಿರುವ ಲಿಪಿಡ್‌ಗಳು ಬೇರೆಬೇರೆ ಎಂದು ಹೇಳಿದ. 1973ರಲ್ಲಿ ಹಾಲೆಂಡಿನ ಸಂಶೋಧಕರು, ವರ್ಕ್ಲೈ, ಜ್ವಾಲ್, ರೂಲಾಫ್ಸನ್, ವಾನ್ ಡೀನನ್ ಮತ್ತು ಸಂಗಡಿಗರು, ಇದನ್ನು ಅಳತೆಯ ಸಮೇತ ಸ್ಥಾಪಿಸಿದರು. ಅವರು ಉಪಯೋಗಿಸಿದ ಮುಖ್ಯ ಉಪಕರಣಗಳಲ್ಲಿ ಒಂದು ಯಾವುದು ಗೊತ್ತೆ? ನಿನ್ನ ನೆರೆಯ ನಾಗರಹಾವಿನ ವಿಷದಿಂದ ತೆಗೆದ ಫಾಸ್ಫೊಲಿಪೇಸ್ ಎ2 ಎಂಬ ಕಿಣ್ವ. ಫಾಸ್ಫೊಲಿಪಿಡ್‌ನ ಎರಡು ಬಾಲಗಳಲ್ಲಿ ಒಂದನ್ನು ಕತ್ತರಿಸುವುದು ಅದರ ಕೆಲಸ. ನಿನ್ನ ವಿಷದಲ್ಲೂ ಅದರ ಬಳಗ ಬೇಕಾದಷ್ಟಿದೆ. ರಕ್ತಕಣ ಒಡೆಯದಂತೆ ನೋಡಿಕೊಂಡು, ಹೊರಪದರಕ್ಕೆ ಮಾತ್ರ ಕಿಣ್ವ ತಾಗುವಂತೆ ಮಾಡಿ, ಯಾವ ಲಿಪಿಡ್ ಎಷ್ಟು ಕತ್ತರಿಸಿಕೊಂಡಿತು ಎಂದು ಎಣಿಸಿದರು. ಸ್ಫಿಂಗೊಮೈಲಿನ್ ಹೊರಗಡೆ ಶೇ. 80ಕ್ಕೂ ಹೆಚ್ಚು, ಫಾಸ್ಫಟಿಡೈಲ್‌ಕೋಲೀನ್ ಹೊರಗಡೆ ಸುಮಾರು ಮುಕ್ಕಾಲು ಪಾಲು. ಫಾಸ್ಫಟಿಡೈಲ್‌ಎಥನಾಲಮೀನ್ ಹೆಚ್ಚಾಗಿ ಒಳಗೆ. ಫಾಸ್ಫಟಿಡೈಲ್‌ಸೆರೀನ್ ಹೆಚ್ಚುಕಡಿಮೆ ಪೂರ್ತಿ ಒಳಗೇ. ಈ ಕೊನೆಯದನ್ನು ವಿಜ್ಞಾನಿಗಳ ರೂಢಿಯಂತೆ ಪಿಎಸ್ ಎಂದು ಕರೆಯುತ್ತೇನೆ. ಈ ಕಾಗದದ ಜೀವ ಅದರಲ್ಲಿದೆ.

ಇಲ್ಲಿ ಒಂದು ಪ್ರಶ್ನೆ ಏಳಲೇಬೇಕು. ದಾಟುವಿಕೆ ಎಷ್ಟೇ ನಿಧಾನವಾದರೂ ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅಷ್ಟು ದಿನದಲ್ಲಿ ಒಳಗಿನದು ಹೊರಗೆ, ಹೊರಗಿನದು ಒಳಗೆ ಸೋರಿ ಎರಡೂ ಪದರ ಸಮವಾಗಬೇಕಿತ್ತು. ಆಗುತ್ತಿಲ್ಲವೆಂದರೆ ಯಾರೋ ದುಡಿಯುತ್ತಿರಬೇಕು. 1984ರಲ್ಲಿ ಪ್ಯಾರಿಸ್‌ನಲ್ಲಿ ಸೆನ್ಯುರೆ ಮತ್ತು ದೆವೋ ಆ ದುಡಿಮೆಯನ್ನು ಕಂಡರು. ಹೊರಪದರಕ್ಕೆ ಸೇರಿಸಿದ ಪಿಎಸ್ ನಿಮಿಷಗಳಲ್ಲಿ ಒಳಕ್ಕೆ ಹೋಗುತ್ತಿತ್ತು. ರಕ್ತಕಣಕ್ಕೆ ಶಕ್ತಿ ಒದಗಿಸುವ ಎಟಿಪಿ ಮುಗಿದರೆ ಆ ಓಟವೂ ನಿಲ್ಲುತ್ತಿತ್ತು. ಈ ಕೆಲಸ ಮಾಡುವ ಪ್ರೋಟೀನುಗಳನ್ನು ಫ್ಲಿಪೇಸ್ ಎನ್ನುತ್ತಾರೆ. ಇನ್ನೊಂದು ಜಾತಿಯ ಪ್ರೋಟೀನು ಸ್ಕ್ರಾಂಬ್ಲೇಸ್. ಅದಕ್ಕೆ ಎಟಿಪಿ ಬೇಕಿಲ್ಲ, ದಿಕ್ಕಿನ ಹಂಗಿಲ್ಲ, ತೆರೆದರೆ ಎರಡೂ ಕಡೆಯ ಲಿಪಿಡ್‌ಗಳು ಬೆರೆತುಹೋಗುತ್ತವೆ. ನಮ್ಮ ಕಡೆಯವರಿಗೆ ಇದನ್ನು ಹೇಳಲು ಗದ್ದೆಯೇ ಸಾಕು: ಫ್ಲಿಪೇಸ್ ಎಂದರೆ ತಗ್ಗಿನಿಂದ ದಿಣ್ಣೆಗೆ ನೀರೆತ್ತುವ ಪಂಪ್‌ಸೆಟ್, ಕರೆಂಟು ಇರುವಷ್ಟು ಹೊತ್ತು ಮಾತ್ರ, ಸ್ಕ್ರಾಂಬ್ಲೇಸ್ ಎಂದರೆ ತೂಬು, ಸಾಮಾನ್ಯ ದಿನಗಳಲ್ಲಿ ಮುಚ್ಚಿರುತ್ತದೆ, ಎತ್ತಿದರೆ ನೀರು ತಾನೇ ಹರಿದು ಮಟ್ಟ ಸಮವಾಗುತ್ತದೆ. ಒಂದು ಪಿಎಸ್ ಒಳಗೆ ತರಲು ಒಂದು ಎಟಿಪಿ ಖರ್ಚು. ನಾವು ಉಣ್ಣುವ ಮುದ್ದೆಯ ಒಂದು ಪಾಲು, ನಾವು ಮಲಗಿರುವಾಗಲೂ, ಈ ಒಳಗಿನದನ್ನು ಒಳಗೇ ಇಡುವುದಕ್ಕೆ ಹೋಗುತ್ತದೆ.

ಇಷ್ಟೆಲ್ಲ ಖರ್ಚು ಮಾಡಿ ಒಂದು ಅಣುವನ್ನು ಬಚ್ಚಿಡುವುದೇಕೆ? ಅದು ಹೊರಗೆ ಕಂಡರೆ ಅದಕ್ಕೊಂದು ಅರ್ಥವಿದೆ. ಸಾಯುತ್ತಿರುವ ಕೋಶ ತನ್ನ ಫ್ಲಿಪೇಸನ್ನು ನಿಲ್ಲಿಸಿ ಒಂದು ಸ್ಕ್ರಾಂಬ್ಲೇಸನ್ನು ತೆರೆಯುತ್ತದೆ. ಪಿಎಸ್ ಹೊರಗೆ ಬರುತ್ತದೆ. ಮೈಯ ಕಾವಲು ಕೋಶಗಳಾದ ಮ್ಯಾಕ್ರೊಫೇಜ್‌ಗಳು ಅದನ್ನು ಗುರುತಿಸಿ ಆ ಕೋಶವನ್ನು ಸದ್ದಿಲ್ಲದೆ ನುಂಗುತ್ತವೆ. ಇದು ಸ್ಪಷ್ಟವಾಗಿ ತಿಳಿದದ್ದು 1992ರಲ್ಲಿ. ಮೈಯಲ್ಲಿ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಮುದಿ ಕೆಂಪು ಕಣಗಳನ್ನು ತೆಗೆದುಹಾಕಬೇಕು. ಆ ಕೆಲಸದಲ್ಲೂ ಈ ಗುರುತಿಗೆ ಪಾಲಿದೆ. ಅದು ದೊಡ್ಡ ಕಥೆ, ಇಲ್ಲಿ ಬಿಡುತ್ತೇನೆ. ನಿನಗೂ ನಮಗೂ ಸಂಬಂಧಪಟ್ಟದ್ದು ಪಿಎಸ್‌ನ ಇನ್ನೊಂದು ಅರ್ಥ: ಇಲ್ಲಿ ಗಾಯವಾಗಿದೆ, ರಕ್ತ ಇಲ್ಲಿ ಹೆಪ್ಪುಗಟ್ಟಲಿ.

ಕುಡುಗೋಲು ತಾಗಿ ಬೆರಳು ಕೊಯ್ದಿತೆನ್ನಿ. ಪ್ಲೇಟ್‌ಲೆಟ್‌ಗಳು ಗಾಯಕ್ಕೆ ಅಂಟುತ್ತವೆ, ಅವುಗಳೊಳಗೆ ಕ್ಯಾಲ್ಸಿಯಂ ಏರುತ್ತದೆ. ಕೋಶದ ಹೊರಗಿನ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು, ಹಾಗಾಗಿ ದಾರಿ ಸಿಕ್ಕರೆ ನುಗ್ಗಿ ಬರುತ್ತದೆ. ಏರಿದ ಕ್ಯಾಲ್ಸಿಯಂ ಫ್ಲಿಪೇಸನ್ನು ತಡೆಯುತ್ತದೆ, ಸ್ಕ್ರಾಂಬ್ಲೇಸನ್ನು ತೆರೆಯುತ್ತದೆ. ಪಿಎಸ್ ಹೊರಗೆ ಬಂದು ನಿಲ್ಲುತ್ತದೆ. ಅದರ ತಲೆಯ ಋಣಾವೇಶಕ್ಕೆ, ನಡುವೆ ಕ್ಯಾಲ್ಸಿಯಂ ಸೇತುವೆಯಾಗಿ, ರಕ್ತದಲ್ಲಿ ತೇಲುತ್ತಿದ್ದ ಫ್ಯಾಕ್ಟರ್ ಹತ್ತು ಎಂಬ ಹೆಪ್ಪಿನ ಪ್ರೋಟೀನು ಬಂದು ಕೂರುತ್ತದೆ. ಚುರುಕಾದ ಫ್ಯಾಕ್ಟರ್ ಹತ್ತು, ಚುರುಕಾದ ಫ್ಯಾಕ್ಟರ್ ಐದು ಆ ನೆಲದ ಮೇಲೆ ಜೊತೆಗೂಡಿದರೆ ಪ್ರೋಥ್ರಾಂಬಿನ್ ಥ್ರಾಂಬಿನ್ ಆಗುವ ವೇಗ ಸುಮಾರು 3 ಲಕ್ಷ ಪಟ್ಟು ಹೆಚ್ಚುತ್ತದೆ. ಥ್ರಾಂಬಿನ್ ಫೈಬ್ರಿನೋಜನ್ ಅನ್ನು ಫೈಬ್ರಿನ್ ನೂಲಾಗಿಸುತ್ತದೆ, ರಕ್ತ ನಿಲ್ಲುತ್ತದೆ. ಗಾಯವಿಲ್ಲದ ಕಡೆ ಪಿಎಸ್ ಒಳಗೇ ಇದೆ, ಆದ್ದರಿಂದ ಅಲ್ಲಿ ಹೆಪ್ಪಿಗೆ ಕೂರಲು ನೆಲವಿಲ್ಲ. ಬೆರಳು ಕೊಯ್ದರೆ ಬೆರಳಲ್ಲಿ ಮಾತ್ರ ರಕ್ತ ಹೆಪ್ಪುಗಟ್ಟಿ, ಎದೆಯಲ್ಲೂ ಮಿದುಳಲ್ಲೂ ಹರಿಯುತ್ತಲೇ ಇರುವುದರ ಹಿಂದೆ ಈ ಕಾವಲು ಕೂಡ ಇದೆ.

ಈ ದಾಟುವಿಕೆ ನಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 1979ರಲ್ಲಿ ವೈದ್ಯರು ಒಬ್ಬ ಮಹಿಳೆಯ ವಿಚಿತ್ರ ರಕ್ತಸ್ರಾವವನ್ನು ವಿವರಿಸಿದರು. ಪ್ಲೇಟ್‌ಲೆಟ್‌ಗಳ ಸಂಖ್ಯೆ ಸರಿಯಿತ್ತು, ಹೆಪ್ಪಿನ ಅಂಶಗಳೂ ಸರಿಯಿದ್ದವು, ಆದರೆ ಪ್ಲೇಟ್‌ಲೆಟ್‌ನ ಪಿಎಸ್ ಹೊರಗೆ ಬರುತ್ತಿರಲಿಲ್ಲ. ಅಪರೂಪದ ಆ ಕಾಯಿಲೆಗೆ ಸ್ಕಾಟ್ ಸಿಂಡ್ರೋಮ್ ಎಂದು ಹೆಸರಾಯಿತು. ಮೂರು ದಶಕ ಕಳೆದ ಮೇಲೆ, 2010ರಲ್ಲಿ, ಜಪಾನಿನ ಶಿಗೆಕಾಝು ನಗಾತಾ ಮತ್ತು ಜುನ್ ಸುಝುಕಿ ಇದ್ದ ತಂಡ ಕ್ಯಾಲ್ಸಿಯಂಗೆ ತೆರೆದುಕೊಳ್ಳುವ ಸ್ಕ್ರಾಂಬ್ಲೇಸ್‌ಗೆ ಬೇಕಾದ ಪ್ರೋಟೀನನ್ನು ಪತ್ತೆಮಾಡಿತು. ಅದರ ಹೆಸರು ಟಿಎಂಇಎಂ16ಎಫ್. ಸ್ಕಾಟ್ ಸಿಂಡ್ರೋಮ್ ಇದ್ದ ರೋಗಿಯೊಬ್ಬರಲ್ಲಿ ಆ ಪ್ರೋಟೀನಿನ ಜೀನೇ ಕೆಟ್ಟಿತ್ತು.

ಈಗ ನಿನ್ನ ವಿಷಕ್ಕೆ ಬರುತ್ತೇನೆ. ಗಾಯದಿಂದ ಹೆಪ್ಪಿನವರೆಗೆ ನಮ್ಮ ಮೈ ಇಟ್ಟುಕೊಂಡಿರುವ ಮೆಟ್ಟಿಲುಗಳನ್ನು ನೀನು ಹತ್ತುವುದೇ ಇಲ್ಲ. ನಿನ್ನ ವಿಷದಲ್ಲಿರುವ ಒಂದು ಕಿಣ್ವ ಫ್ಯಾಕ್ಟರ್ ಹತ್ತನ್ನು ನೇರವಾಗಿ ಚುರುಕು ಮಾಡುತ್ತದೆ, ಇನ್ನೊಂದು ಫ್ಯಾಕ್ಟರ್ ಐದನ್ನು. ನಮ್ಮ ಲೆಕ್ಕದಲ್ಲಿ ಗಾಯದ ಜಾಗದಲ್ಲಿ, ಅಲ್ಲಿಗೆ ಬೇಕಾದಷ್ಟೇ ಹುಟ್ಟಬೇಕಾದ ಆ ಜೋಡಿ ಈಗ ರಕ್ತದ ತುಂಬ ಹುಟ್ಟುತ್ತದೆ, ಪಿಎಸ್ ಕಂಡ ಕಡೆಯಲ್ಲೆಲ್ಲ ಕೂತು ಥ್ರಾಂಬಿನ್ ಮಾಡುತ್ತದೆ. ಥ್ರಾಂಬಿನ್ ಫೈಬ್ರಿನೋಜನ್ ಅನ್ನು ತಿಂದು ಮುಗಿಸುತ್ತದೆ. ಹುಟ್ಟಿದ ಸಣ್ಣ ಸಣ್ಣ ಹೆಪ್ಪುಗಳನ್ನು ಮೈ ಕರಗಿಸುತ್ತದೆ, ಮತ್ತೆ ಕಟ್ಟಲು ಸರಕಿಲ್ಲ. ಹೆಪ್ಪುಗಟ್ಟಿಸುವ ವಿಷ ಕೊನೆಗೆ ಹೆಪ್ಪೇ ಕಟ್ಟದ ರಕ್ತವನ್ನು ಉಳಿಸಿ ಹೋಗುವುದು ಹೀಗೆ. ವಸಡಿನಿಂದ, ಮೂತ್ರದಲ್ಲಿ, ಕಚ್ಚಿದ ಜಾಗದಲ್ಲಿ ರಕ್ತ ಸೋರುತ್ತದೆ, ಮೂತ್ರಪಿಂಡ ಕೆಡುತ್ತದೆ, ಕೆಲವರಲ್ಲಿ ಮಿದುಳಿನಲ್ಲೇ ರಕ್ತಸ್ರಾವ. ಪ್ಲೇಟ್‌ಲೆಟ್ ತನ್ನ ಪಿಎಸ್ ಅನ್ನು ಹೊರಗೆ ಹಾಕಿ ನೆಲ ಹಸನು ಮಾಡಿಕೊಟ್ಟರೂ ಅದರ ಮೇಲೆ ನೇಯಲು ನೂಲು ಇರುವುದಿಲ್ಲ.

ಇದೇ ವಿಷವನ್ನು ಮನುಷ್ಯರು ಒಳ್ಳೆಯದಕ್ಕೂ ಹಚ್ಚಿದ್ದಾರೆ, ಅದನ್ನು ಹೇಳದಿದ್ದರೆ ನಿನಗೆ ಅನ್ಯಾಯವಾಗುತ್ತದೆ. 1934ರಲ್ಲಿ ಇಂಗ್ಲೆಂಡಿನ ವೈದ್ಯ ಆರ್. ಜಿ. ಮ್ಯಾಕ್‌ಫರ್ಲೇನ್, ಲಂಡನ್ ಮೃಗಾಲಯದ ಬರ್ಗೆಸ್ ಬಾರ್ನೆಟ್ ಜೊತೆ ಸೇರಿ, ನಿನ್ನ ವಿಷವನ್ನು ತುಂಬ ತೆಳುಮಾಡಿ ಹಿಮೋಫಿಲಿಯಾ ರೋಗಿಗಳ ರಕ್ತಸ್ರಾವ ನಿಲ್ಲಿಸಲು ಬಳಸಿ ತೋರಿಸಿದರು. 1986ರಲ್ಲಿ ಪೆರುಮಾಳ್ ತ್ಯಾಗರಾಜನ್ ಮತ್ತು ಸಂಗಡಿಗರು ಅದರಿಂದ ಒಂದು ರಕ್ತಪರೀಕ್ಷೆ ರೂಪಿಸಿದರು. ರೋಗಿಯ ರಕ್ತದ್ರವಕ್ಕೆ ತೆಳುಮಾಡಿದ ನಿನ್ನ ವಿಷವನ್ನೂ ಅಳತೆಯ ಫಾಸ್ಫೊಲಿಪಿಡ್ ಅನ್ನೂ ಹಾಕಿ, ಹೆಪ್ಪು ಎಷ್ಟು ಸೆಕೆಂಡಿಗೆ ಆಯಿತು ಎಂದು ನೋಡುತ್ತಾರೆ. ಫಾಸ್ಫೊಲಿಪಿಡ್‌ಗೆ ಅಡ್ಡಿಯಾಗುವ ಪ್ರತಿಕಾಯಗಳು ರೋಗಿಯ ರಕ್ತದಲ್ಲಿದ್ದರೆ ಹೊತ್ತು ಹಿಡಿಯುತ್ತದೆ. ಆ ಪ್ರತಿಕಾಯಗಳಿಂದ ಪದೇ ಪದೇ ಗರ್ಭಪಾತವಾಗಿ ಸೊರಗಿದ, ಊರವರ ಬಾಯಿಗೆ ಬಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಕಷ್ಟದ ಕಾರಣ ಗೊತ್ತಾಗಿರುವುದು ಈ ಪರೀಕ್ಷೆಯಿಂದ. ಪ್ರಯೋಗಾಲಯದ ವರದಿಯಲ್ಲಿ ಈ ಪರೀಕ್ಷೆಯ ಮುಂದೆ ಇಂದಿಗೂ ಇರುವುದು ನಿನ್ನ ಹೆಸರೇ: ರಸೆಲ್ ವೈಪರ್.

ನಮ್ಮ ಪಕ್ಕದಲ್ಲೇ ನಿನ್ನನ್ನು ಕುರಿತು ದುಡಿದವರೂ ಇದ್ದಾರೆ. ಮೈಸೂರಿನ ಮಾನಸಗಂಗೋತ್ರಿಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಟಿ. ವಿ. ಗೌಡ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಹಾವಿನ ವಿಷದ ಫಾಸ್ಫೊಲಿಪೇಸ್‌ಗಳ ಬೆನ್ನು ಹತ್ತಿದ್ದರು. ದೇಶದ ಬೇರೆ ಬೇರೆ ಭಾಗದ ಕೊಳಕುಮಂಡಲಗಳ ವಿಷ ಒಂದೇ ಅಲ್ಲ, ಅದರ ಕಟ್ಟೂ ಕೊಲ್ಲುವ ಬಲವೂ ಬೇರೆಬೇರೆ ಎಂದು ಜಯಂತಿ ಮತ್ತು ಗೌಡ 1988ರಲ್ಲೇ ಪ್ರಕಟಿಸಿದರು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಅದೇ ಪ್ರಶ್ನೆಯನ್ನು ಈಗ ಹೊಸ ವಿಧಾನಗಳಲ್ಲಿ ಕೆದಕುತ್ತಿದೆ. ಇದು ನಮಗೆ ಬದುಕು ಸಾವಿನ ಪ್ರಶ್ನೆ: ನಮ್ಮ ಆಸ್ಪತ್ರೆಗಳಿಗೆ ಬರುವ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಕುದುರೆಗೆ ಚುಚ್ಚಿ ತಯಾರಿಸುತ್ತಾರೆ, ಅದಕ್ಕೆ ಬೇಕಾದ ವಿಷ ಬಹುಕಾಲದಿಂದ ಮುಖ್ಯವಾಗಿ ಬರುತ್ತಿರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಮಂಡ್ಯದ ಗದ್ದೆಯ ಹಾವಿನ ವಿಷಕ್ಕೆ ಅದು ಎಷ್ಟು ಚೆನ್ನಾಗಿ ಒಗ್ಗುತ್ತದೆ ಎಂದು ಕೇಳುವ ಹಕ್ಕು ಮಂಡ್ಯದವರಿಗಿದೆ.

ಪೊರೆಯ ಕೆಲಸವೂ ದೂರದ್ದೇನಲ್ಲ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್, ಮದನ್ ರಾವ್ ಮತ್ತು ಜೊತೆಗಾರರು 2015ರಲ್ಲಿ ಒಂದು ಸೊಗಸಾದ ಸಂಗತಿ ತೋರಿಸಿದರು. ಒಳಪದರದ ಪಿಎಸ್‌ನ ಉದ್ದ ಬಾಲ ಪೊರೆಯ ನಡುವೆ ಹೊರಪದರದ ಬಾಲಗಳನ್ನು ಮುಟ್ಟಿ ಹಿಡಿಯುತ್ತದೆ. ಒಳಗಿನಿಂದ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಪಿಎಸ್ ಅನ್ನು ಹಿಡಿದಿದ್ದರೆ, ಹೊರಗೆ ನಿಂತ ಕೆಲವು ಪ್ರೋಟೀನುಗಳೂ ಅದರಿಂದ ಗುಂಪುಗೂಡುತ್ತವೆ. ಒಳಗಿರುವುದೆಂದರೆ ಪಿಎಸ್ ಸುಮ್ಮನೆ ಬಚ್ಚಿಟ್ಟುಕೊಂಡಿದೆ ಎಂದಲ್ಲ, ಅಲ್ಲೂ ಅದಕ್ಕೆ ಕೈತುಂಬ ಕೆಲಸ. ಮಂಡ್ಯದಿಂದ ಒಂದು ರೈಲು ಹತ್ತಿದರೆ ಸಿಗುವ ಊರಿನಲ್ಲಿ ಇದು ಪತ್ತೆಯಾಗಿದೆ. ನಮ್ಮ ಕ್ಲಾಸಿಗೆ ಮಾತ್ರ ಇನ್ನೂ ಬಂದಿಲ್ಲ.

ಉಪನ್ಯಾಸಕ ಮಿತ್ರರೇ, ನಿಮ್ಮಲ್ಲಿ ನನ್ನ ಬೇಡಿಕೆ ಚಿಕ್ಕದು. ಕೋಶದ ಪೊರೆಯ ಪಾಠದ ದಿನ ಎರಡು ಬಣ್ಣದ ಸೀಮೆಸುಣ್ಣ ತೆಗೆದುಕೊಂಡು ಹೋಗಿ. ಎರಡು ಸಾಲನ್ನು ಎರಡು ಬಣ್ಣದಲ್ಲಿ ಬರೆಯಿರಿ. ಒಳಸಾಲಿನಲ್ಲಿ ಪಿಎಸ್ ಗುರುತಿಸಿ, ಅದನ್ನು ಅಲ್ಲಿರಿಸುವ ಫ್ಲಿಪೇಸ್ ಬರೆದು ಪಕ್ಕದಲ್ಲಿ ಎಟಿಪಿ ಎಂದು ಬರೆಯಿರಿ. ಆಮೇಲೆ ಒಂದು ಗಾಯ ಮಾಡಿ ಪಿಎಸ್ ಅನ್ನು ಹೊರಗೆ ತನ್ನಿ. ಪರೀಕ್ಷೆಗೆ ಬರುವುದಿಲ್ಲ, ನಿಜ. ಹತ್ತು ನಿಮಿಷದ ಮಾತು. ಕ್ಲಾಸಿನಲ್ಲಿ ಕೂತ ಮಕ್ಕಳಲ್ಲಿ ಬಹಳ ಜನರ ಅಪ್ಪ ಅಮ್ಮ ಆ ಹೊತ್ತಿಗೆ ಗದ್ದೆಯಲ್ಲಿರುತ್ತಾರೆ. ಹಾವು ಕಚ್ಚಿದ ರಾತ್ರಿ ಮನೆಯಲ್ಲಿ ಎಲ್ಲರೂ ಕೂಗಾಡುವಾಗ, ಏನು ನಡೆಯುತ್ತಿದೆ ಎಂದು ತಿಳಿದ ಒಬ್ಬ ಹುಡುಗಿ ಅಲ್ಲಿರಬೇಕು.

ಆ ಹುಡುಗಿಗೆ ಗೊತ್ತಿರಬೇಕಾದ್ದು ಇಷ್ಟು. ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ಯಬಾರದು. ಫೈಬ್ರಿನೋಜನ್ ಮುಗಿಯುತ್ತಿರುವ ಮೈಯಲ್ಲಿ ಮಾಡುವ ಪ್ರತಿ ಗಾಯವೂ ನಿಲ್ಲದೆ ಸುರಿಯುವ ಇನ್ನೊಂದು ಬಾಗಿಲು. ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿದು ಕಟ್ಟಬಾರದು. ಬಿಗಿದು ಕಟ್ಟಿದರೆ ವಿಷ ನಿಲ್ಲುವುದಿಲ್ಲ, ಆ ಕಾಲಿಗೇ ಅಪಾಯ. ಕಾಲು ಅಲುಗದಂತೆ ನೋಡಿಕೊಂಡು, ನಡೆಸದೆ, ಹೊತ್ತುಕೊಂಡು ಹೋಗಬೇಕು. ಮಂತ್ರ ಹಾಕುವವರ ಮನೆಗೆ ಹೋಗಿಬರುವ ಒಂದು ಗಂಟೆಯಲ್ಲಿ ವಿಷದ ಕಿಣ್ವ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದೆ. ಪ್ರತಿ ಪ್ರಕರಣವೂ ಲೆಕ್ಕಕ್ಕೆ ಬರಬೇಕು. ಮಂತ್ರದ ಮನೆಯಲ್ಲಿ ಸತ್ತವನು ಯಾವ ಲೆಕ್ಕಕ್ಕೂ ಬರುವುದಿಲ್ಲ, ಅವನ ಊರಿಗೆ ಎಷ್ಟು ಪ್ರತಿವಿಷ ಬೇಕು ಎಂಬುದೂ ತಿಳಿಯುವುದಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಮಾಡುವ ಪರೀಕ್ಷೆ ನೋಡಲು ಏನೂ ಅಲ್ಲ ಎನಿಸುತ್ತದೆ. ಸುಮಾರು 2 ಮಿಲಿಲೀಟರ್ ರಕ್ತವನ್ನು ಚೊಕ್ಕಟವಾದ, ಒಣಗಿದ ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ಬಗ್ಗಿಸುತ್ತಾರೆ. ಗಟ್ಟಿಯಾಗಿದ್ದರೆ ಸಮಾಧಾನ, ನೀರಿನಂತೆ ಹರಿದರೆ ನಿನ್ನ ಅಥವಾ ನಿನ್ನಂಥ ಮಂಡಲದ ಹಾವಿನ ಕೆಲಸ ಎಂದು ಗೊತ್ತಾಗುತ್ತದೆ, ಪ್ರತಿವಿಷ ಶುರು. ಕೊಳವೆ ಗಾಜಿನದೇ ಆಗಬೇಕು, ಪ್ಲಾಸ್ಟಿಕ್ ಆಗದು. ಸೋಪಿನಿಂದ ತೊಳೆದದ್ದೂ ಆಗದು. ಗಾಜಿನ ಮೈ ರಕ್ತದ ಹೆಪ್ಪಿಗೆ ಮೊದಲ ಚುರುಕು ಕೊಡುತ್ತದೆ. ಅಲ್ಲಿಂದ ಮುಂದೆ ಪ್ಲೇಟ್‌ಲೆಟ್‌ಗಳು ತಮ್ಮ ಪಿಎಸ್ ಹೊರಗೆ ತಂದು ನೆಲ ಒದಗಿಸಬೇಕು. ಸುಮ್ಮನೆ ನಿಂತಂತೆ ಕಾಣುವ ಆ ಕೊಳವೆಯೊಳಗೆ, ಆ 20 ನಿಮಿಷದಲ್ಲಿ, ಎಣಿಸಲಾರದಷ್ಟು ಅಣುಗಳು ಒಳಪದರದಿಂದ ಹೊರಪದರಕ್ಕೆ ದಾಟುತ್ತಿರುತ್ತವೆ.

ಊರಿನವರಿಗೆ ಇನ್ನೊಂದು ಮಾತು, ಕೈಮುಗಿದು ಹೇಳುತ್ತೇನೆ. ಪ್ರತಿವಿಷ ಕೊಟ್ಟ ಕೂಡಲೇ ರಕ್ತ ಹೆಪ್ಪುಗಟ್ಟುವುದಿಲ್ಲ. ಪ್ರತಿವಿಷ ವಿಷವನ್ನು ಕಟ್ಟಿಹಾಕುತ್ತದೆ, ಖರ್ಚಾದ ಫೈಬ್ರಿನೋಜನ್ ಅನ್ನು ಅದು ವಾಪಸ್ ತರಲಾರದು. ಅದನ್ನು ನಮ್ಮ ಪಿತ್ತಜನಕಾಂಗವೇ ಹೊಸದಾಗಿ ಮಾಡಬೇಕು, ಅದಕ್ಕೆ ಆರು ಗಂಟೆಯಾದರೂ ಬೇಕು. ಆದ್ದರಿಂದಲೇ ಆರು ಗಂಟೆಗೊಮ್ಮೆ ಮತ್ತೆ ಗಾಜಿನ ಕೊಳವೆ, ಮತ್ತೆ 20 ನಿಮಿಷ. ನಡುರಾತ್ರಿಯಲ್ಲಿ ಇನ್ನೊಮ್ಮೆ ರಕ್ತ ತೆಗೆಯಲು ಬಂದ ನರ್ಸಮ್ಮನ ಮೇಲೆ ರೇಗಬೇಡಿ. ‘ಗುಣವಾದ ಹಾಗೆ ಕಾಣ್ತಾನೆ, ಮನೆಗೆ ಕರ್ಕೊಂಡು ಹೋಗ್ತೀವಿ’ ಎಂದು ಹಟ ಹಿಡಿಯಬೇಡಿ. ಕೊಳವೆಯಲ್ಲಿ ರಕ್ತ ಗಟ್ಟಿಯಾಗಿ ನಿಂತಿತು, ಮೂತ್ರ ಸರಿಯಾಗಿ ಆಗುತ್ತಿದೆ ಎಂದು ಡಾಕ್ಟರು ಹೇಳುವ ತನಕ ಅಲ್ಲೇ ಇರಿ.

ಇತಿ,
ಶೀಳನೆರೆಯ ಒಬ್ಬ ಜೀವಶಾಸ್ತ್ರದ ಮೇಷ್ಟ್ರು